ಬ್ಲಿಟ್ಜ್ ಚೆಸ್ ಚೆನ್ನಾಗೇ ಆಡ್ತೀರಾ, ಆದ್ರೂ ರೇಟಿಂಗ್ ಅಲ್ಲೇ ನಿಂತಿದ್ಯಾ? ಸೋತ ಆಟಗಳನ್ನ ಹೀಗೆ ಬಿಚ್ಚಿ ನೋಡಿ

ನಮ್ಮಕ್ಕನ ಮಗ ಒಬ್ಬ ಇದಾನೆ, ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೇನಲ್ಲಿ ಕಾಲೇಜಿಗೆ ಬಂದ್ ಹೋಗ್ತಾನೆ, ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ಸೈಟಲ್ಲಿ ಅವನ ಬ್ಲಿಟ್ಜ್ (ಕೆಲವೇ ನಿಮಿಷದ ಆಟ) ರೇಟಿಂಗ್ 2100 ಆಸುಪಾಸು. ಆಡೋರಿಗೆ ಗೊತ್ತು, ಅದು ಸುಮ್ಸುಮ್ನೆ ಬರೋ ನಂಬರ್ ಅಲ್ಲ. ಆದ್ರೆ ಎರಡು ವರ್ಷದಿಂದ ಅಲ್ಲೇ ಇದಾನೆ, 2150 ಮುಟ್ತಾನೆ, ಒಂದೇ ರಾತ್ರೀಲಿ 2060ಕ್ಕೆ ಬೀಳ್ತಾನೆ, ಮತ್ತೆ ಹತ್ತುತಾನೆ, ಗಾಣದೆತ್ತು ಸುತ್ತಿದಂಗೆ ಸುತ್ತಿದ್ದೇ ಸುತ್ತು. ಒಂದ್ ಭಾನುವಾರ ಮನೆಗ್ ಬಂದವನು "ಮಾವ, ಏನ್ ಮಾಡುದ್ರೂ ಮೇಲಕ್ ಹೋಯ್ತಿಲ್ಲ ಕಣ್ ಮಾವ, ಒಂದು ಓಪನಿಂಗ್ ಕೋರ್ಸ್ ತಗೊಳನ ಅಂತಿದೀನಿ" ಅಂದ. ದುಡ್ಡು ಆಮೇಲೆ ಸುರಿಯುವಂತೆ ಕಣ್ಲಾ, ಮೊದ್ಲು ನೀನ್ ಸೋತಿರೋ ಆಟ ತೆಗಿ ಅಂದೆ.

ನಾನೇನ್ ದೊಡ್ಡ ಆಟಗಾರ ಅಲ್ಲ, ಇವನ ಎದುರು ಕೂತ್ರೆ ಹತ್ತರಲ್ಲಿ ಒಂಬತ್ತು ಸೋಲ್ತೀನಿ, ಹತ್ತನೇದು ಅವನು ಫೋನ್ ಎತ್ತೋಕೆ ಹೋದಾಗ ಗೆದ್ದಿರ್ತೀನಿ. ಆದ್ರೆ ಪಕ್ಕದಲ್ಲಿ ಕೂತು ನೋಡೋನಿಗೆ ಆಡೋನಿಗಿಂತ ಜಾಸ್ತಿ ಕಾಣುತ್ತೆ. ಅವತ್ತು ಮಧ್ಯಾಹ್ನ ಊಟ ಆದ್ಮೇಲೆ ಕೂತು ಸಂಜೆವರೆಗೂ 30 ಆಟ ನೋಡಿದ್ವಿ, ಮೂವತ್ತೂ ಸೋತಿದ್ದೇ. ಅಲ್ಲಿ ಏನ್ ಮಾಡಿದ್ವಿ, ಏನ್ ಸಿಕ್ತು ಅಂತ ಬರೀತಿದೀನಿ, ನೀವೂ ನಿಮ್ಮ ಆಟಕ್ಕೆ ಇದನ್ನೇ ಮಾಡ್ಬೋದು, ರೇಟಿಂಗ್ 1400 ಇರ್ಲಿ 2200 ಇರ್ಲಿ.

ಮೊದಲು ಆಟ ತೆಗೆಯೋದು. ಲಿಚೆಸ್ ಆದ್ರೆ ನಿಮ್ಮ ಪ್ರೊಫೈಲಿಗೆ ಹೋಗಿ ಆಟಗಳ ಪಟ್ಟೀಲಿ ಸೋತಿದ್ದು ಮಾತ್ರ ಬೇರೆ ಮಾಡ್ಕೊಬೋದು, ಎಲ್ಲಾ ಫ್ರೀ, ಎಷ್ಟು ಆಟ ಬೇಕಾದ್ರೂ ನೋಡಿ. ಚೆಸ್ ಡಾಟ್ ಕಾಮ್‌ನಲ್ಲಿ ಫ್ರೀ ಅಕೌಂಟಿಗೆ ಗೇಮ್ ರಿವ್ಯೂ ಮಿತಿ ಇದೆ, ಆದ್ರೆ ಆಟದ ಪಿಜಿಎನ್ (ನಡೆಗಳೆಲ್ಲ ಬರೆದಿರೋ ಫೈಲು) ಇಳಿಸ್ಕೊಂಡು ಲಿಚೆಸ್‌ಗೆ ಹಾಕ್ಬೋದು, ಯಾರೂ ಕೇಳಲ್ಲ. ಇಲ್ಲೊಂದು ಮುಖ್ಯ: ತಕ್ಷಣ ಎಂಜಿನ್ (ನಡೆ ಸರಿಯೋ ತಪ್ಪೋ ಅಂತ ಹೇಳೋ ಪ್ರೋಗ್ರಾಂ, ಸ್ಟಾಕ್‌ಫಿಶ್ ಥರದ್ದು) ಆನ್ ಮಾಡ್ಬೇಡಿ. ಸ್ಟಾಕ್‌ಫಿಶ್ ಆನ್ ಮಾಡಿದ ಕೂಡ್ಲೇ ಅದು 23ನೇ ನಡೆ ಬ್ಲಂಡರ್ (ದೊಡ್ಡ ತಪ್ಪು) ಅಂತ ಕೆಂಪು ಬಳಿಯುತ್ತೆ, ನೀವು "ಓ ಹೌದಲ್ವಾ" ಅಂತೀರ, ಮುಂದಿನ ಆಟಕ್ಕೆ ಹೋಗ್ತೀರ, ತಲೇಲಿ ಏನೂ ಉಳಿಯಲ್ಲ. ಬದ್ಲು ಒಂದು ನೋಟ್‌ಬುಕ್ ತಗೊಳಿ, ಪ್ರತಿ ಆಟಕ್ಕೂ ಒಂದೇ ಸಾಲು: ಎಲ್ಲಿಂದ ಕೆಟ್ಟೋಯ್ತು ಅಂತ ನಿಮಗೆ ಅನ್ಸುತ್ತೆ, ಆಗ ನಿಮ್ಮ ಟೈಮ್ ಎಷ್ಟಿತ್ತು, ಎದುರಾಳಿದು ಎಷ್ಟಿತ್ತು, ಯಾಕೆ ಹಾಗಾಡಿದ್ರಿ. ಈ ಕೊನೇದನ್ನ ಸುಳ್ಳು ಹೇಳ್ದೇ ಬರೀರಿ. "ನೋಡ್ಲಿಲ್ಲ" ಅನ್ನೋದು ಕಾರಣ ಅಲ್ಲ. ಕೋಪ ಬಂದಿತ್ತು, ಪ್ರೀಮೂವ್ (ಎದುರಾಳಿ ಆಡೋ ಮುಂಚೇನೇ ನನ್ನ ನಡೆ ಹಾಕಿಡೋದು) ಹಾಕಿದ್ದೆ, ಇಳಿಯೋ ಸ್ಟೇಷನ್ ಬಂತು, ಎದುರಾಳಿ ಅಷ್ಟೇನ್ ಜಾಣ ಅಲ್ಲ ಅನ್ಕೊಂಡೆ, ಇವೆಲ್ಲ ಕಾರಣ. ಆಮೇಲೆ ಎಂಜಿನ್ ಆನ್ ಮಾಡಿ ತಾಳೆ ನೋಡಿ. ನಮ್ ಹುಡುಗ ಓಪನಿಂಗಲ್ಲಿ ಸೋತೆ ಅಂತ ಬರೆದ 11 ಆಟದಲ್ಲಿ 8ರಲ್ಲಿ ಓಪನಿಂಗ್ ಮುಗಿಯೋ ಹೊತ್ತಿಗೆ ಅವನೇ ಚೂರು ಮುಂದಿದ್ದ. ಕೋರ್ಸ್ ದುಡ್ಡು ಅಲ್ಲೇ ಉಳೀತು.

ಹಾಗಾದ್ರೆ ಸೋತಿದ್ದೆಲ್ಲಿ? ಲಿಚೆಸ್ ಅನಾಲಿಸಿಸ್ ಬೋರ್ಡಿನ ಕೆಳಗೆ ಮೂವ್ ಟೈಮ್ಸ್ ಅಂತ ಒಂದು ಟ್ಯಾಬ್ ಇದೆ, ಒಂದೊಂದು ನಡೆಗೆ ಎಷ್ಟು ಸೆಕೆಂಡ್ ತಗೊಂಡ್ರಿ ಅಂತ ಕಡ್ಡಿ ಕಡ್ಡಿಯಾಗಿ ತೋರಿಸುತ್ತೆ. ಬಹಳ ಜನ ಅದನ್ನ ತೆಗೆದೂ ನೋಡಿರಲ್ಲ. ಇವನ ಆಟ ಒಂದಾದ್ಮೇಲೆ ಒಂದು ತೆಗೀತಾ ಹೋದ್ರೆ ಎಲ್ಲದ್ರಲ್ಲೂ ಒಂದೇ ಚಿತ್ರ, ಮೊದಲ ಹತ್ತು ನಡೆ ಗೀಚಿದಂಗೆ ಸಣ್ಣ ಸಣ್ಣ ಕಡ್ಡಿ, 14ನೇ ನಡೆಗೋ 16ನೇ ನಡೆಗೋ ಒಂದು ತೆಂಗಿನ ಮರ, 40 ಸೆಕೆಂಡು, ಆಮೇಲೆ ಮತ್ತೆ ಹುಲ್ಲು. ಅಷ್ಟು ಹೊತ್ತು ಯೋಚ್ನೆ ಮಾಡಿ ಏನಾಡ್ದೆ ಅಂದ್ರೆ, "ಮೊದ್ಲು ಏನ್ ಕಾಣ್ತೋ ಅದ್ನೇ ಆಡ್ದೆ ಮಾವ." ಸೀರೆ ಅಂಗಡೀಲಿ ಐವತ್ತು ಸೀರೆ ಬಿಚ್ಚಿಸಿ ಕೊನೆಗೆ ಮೊದಲನೇದನ್ನೇ ಪ್ಯಾಕ್ ಮಾಡಿಸ್ದಂಗೆ.

ಲೆಕ್ಕ ನೋಡಿ. 3+0 ಅಂದ್ರೆ ಒಬ್ಬೊಬ್ಬರಿಗೆ ಇಡೀ ಆಟಕ್ಕೆ 3 ನಿಮಿಷ, ನಡೆಗೆ ಸೇರೋದು ಸೊನ್ನೆ, ಒಟ್ಟು 180 ಸೆಕೆಂಡು, ಆಟ 40 ನಡೆ ಹೋಗುತ್ತೆ ಅಂತಿಟ್ಕೊಂಡ್ರೆ ನಡೆಗೆ ನಾಲ್ಕೂವರೆ ಸೆಕೆಂಡು. ಅದ್ರಲ್ಲಿ ಒಂದಕ್ಕೇ 40 ಕೊಟ್ರೆ ಒಂಬತ್ತು ನಡೆ ತಿಂದಂಗಾಯ್ತು. ನಾನು ಇವನಿಗೆ ಕೊಟ್ಟಿರೋ ಗುರುತು ಇಷ್ಟೇ, 15ನೇ ನಡೆ ಮುಗಿದಾಗ ಗಡಿಯಾರದಲ್ಲಿ 2:15 ಇರ್ಬೇಕು, 25ನೇ ನಡೆಗೆ 1:15, ಉಳಿದಿದ್ದೆಲ್ಲ ಎಂಡ್‌ಗೇಮಿಗೆ, ಅಂದ್ರೆ ಕಾಯಿ ಕಮ್ಮಿ ಉಳಿದಿರೋ ಕೊನೇ ಭಾಗಕ್ಕೆ. ಒಂದು ಆಟಕ್ಕೆ ಎರಡೇ ಸಲ 15 ಸೆಕೆಂಡ್ ಕೂತು ಯೋಚ್ನೆ ಮಾಡೋಕೆ ಪರ್ಮಿಷನ್, ಅದೂ ವಾಪಸ್ ತಗೊಳಕ್ಕಾಗದ ನಡೆಗೆ ಮಾತ್ರ, ಅಂದ್ರೆ ಕಾಯಿ ಬಲಿ ಕೊಡೋದು, ಕ್ವೀನ್ ಎಕ್ಸ್‌ಚೇಂಜ್, ಪಾನ್ (ಕಾಲಾಳು) ಮುಂದೆ ತಳ್ಳಿ ಮಧ್ಯ ಒಡೆಯೋದು, ಇಂಥವು. ಆನೇನ ಡಿ1ಗೆ ಇಡ್ಲಾ ಇ1ಗೆ ಇಡ್ಲಾ (ಅಕ್ಷರ ಅಂದ್ರೆ ಎ ಇಂದ ಎಚ್‌ವರೆಗಿನ ಕಂಬಸಾಲು, ಅಂಕಿ ಅಂದ್ರೆ ಬಿಳಿ ಕಡೆಯಿಂದ 1ರಿಂದ 8ರ ಅಡ್ಡಸಾಲು) ಅಂತ ಅರ್ಧ ನಿಮಿಷ ಕೂರೋದು ಬ್ಲಿಟ್ಜ್ ಅಲ್ಲ, ಎರಡೂ ಸರೀನೇ ಅನ್ಸಿದ್ರೆ ಒಂದನ್ನ ಇಟ್ಟು ಮುಂದೆ ಹೋಗಿ.

ವಿಶ್ವನಾಥನ್ ಆನಂದ್‌ಗೆ ಹುಡುಗ ಆಗಿದ್ದಾಗ ಲೈಟ್ನಿಂಗ್ ಕಿಡ್ ಅಂತ ಹೆಸರಿತ್ತು, ಇವತ್ತು ಆನ್‌ಲೈನ್‌ನಲ್ಲಿ ಕೇರಳದ ಗ್ರ್ಯಾಂಡ್‌ಮಾಸ್ಟರ್ ನಿಹಾಲ್ ಸರಿನ್ ಆಡೋದು ನೋಡಿದ್ರೆ ಕೈ ಯೋಚ್ನೆ ಮಾಡ್ತಿದ್ಯೇನೋ ಅನ್ಸುತ್ತೆ. ಅವರೇನೂ ನಮ್ಮ ಥರ ಗಾಬರೀಲಿ ಬೇಗ ಆಡಲ್ಲ, ಆ ಪೊಸಿಷನ್ ಅವರ ಕಣ್ಣಿಗೆ ಸಾವಿರ ಸಲ ಬಿದ್ದಿರುತ್ತೆ ಅಷ್ಟೇ. ನಮಗೆ ಅಷ್ಟು ಸಲ ಬಿದ್ದಿರಲ್ಲ, ಸೋ ಎಲ್ಲಿ ನಿಲ್ಬೇಕು ಅಂತ ತಿಳ್ಕೊಳೋದೇ ನಮ್ಮ ಸ್ಪೀಡು.

ಈಗ ಶೈಲಿ. ನಿಮ್ಮದು ಯಾವ ಶೈಲಿ ಅಂತ ತಿಳ್ಕೊಳೋಕೆ ಸೋತ ಆಟ ಸಾಲದು, ಗೆದ್ದಿದ್ದೂ ಒಂದು 15 ನೋಡಿ, ಎಲ್ಲಿ ನಿಮಗೆ ಸುಲಭವಾಗಿ ಪಾಯಿಂಟ್ ಬರ್ತಿದೆ ಅಂತ. ಇವನದು ಪಕ್ಕಾ ದಾಳಿ. ರಾಜನ ಮೇಲೆ ನುಗ್ಗೋದು, ಎಚ್ ಪಾನ್ ಓಡಿಸೋದು, ಕಾಯಿ ಬಿಸಾಕೋದು, ಎದುರಾಳಿ ಗಾಬರಿ ಆಗಿ ಟೈಮ್ ತಿಂದು ತಪ್ಪು ಮಾಡೋದು. ಇದನ್ನ ಬಿಡು ಅಂತ ನಾನು ಯಾವತ್ತೂ ಹೇಳಲ್ಲ, 3 ನಿಮಿಷದ ಆಟದಲ್ಲಿ ದಾಳಿ ಮಾಡೋನಿಗಿಂತ ತಡ್ಕೊಳೋನಿಗೇ ಕಷ್ಟ ಜಾಸ್ತಿ. ಶೈಲಿ ಬದಲಾಯಿಸೋಕೆ ಹೋದ್ರೆ ಇರೋದೂ ಹೋಗುತ್ತೆ. ತೂತು ಎಲ್ಲಿದೆ ನೋಡಿ ಮುಚ್ಚಿ, ಅಷ್ಟೇ.

ಒಂದು ತೂತು ಹತ್ರದಿಂದ ತೋರಿಸ್ತೀನಿ. ಎಚ್7 ಮೇಲೆ ಒಂಟೆ ಬಲಿ, ಗ್ರೀಕ್ ಗಿಫ್ಟ್ ಅಂತಾರಲ್ಲ ಅದು, ಇವನಿಗೆ ಹುಚ್ಚು. ಬಿಳೀದು ಒಂಟೆ ಡಿ3, ಕುದುರೆ ಎಫ್3, ಪಾನ್ ಇ5, ಕ್ವೀನ್ ಡಿ1, ಕಪ್ಪಿನೋನು ಕ್ಯಾಸಲ್ ಮಾಡಿ ರಾಜನ್ನ ಜಿ8ಗೆ ತಂದಿದಾನೆ. ಒಂಟೆ ಎಚ್7 ಹೊಡೆದು ಚೆಕ್, ರಾಜ ಒಂಟೆ ತಿಂದ, ಕುದುರೆ ಜಿ5 ಚೆಕ್, ರಾಜ ವಾಪಸ್ ಜಿ8, ಕ್ವೀನ್ ಎಚ್5, ಮುಂದೆ ಎಚ್7ನಲ್ಲಿ ಮೇಟ್. ನೋಡೋಕೆ ಎಷ್ಟ್ ಚೆಂದ. ಸೋತ 30ರಲ್ಲಿ 4 ಆಟ ಇದನ್ನೇ ಆಡಿ ಸೋತಿದ್ದ, ನಾಲ್ಕರಲ್ಲೂ ಬಲಿ ಕೊಡೋ ಮುಂಚೆ ತಗೊಂಡಿದ್ದು 2 ಸೆಕೆಂಡು! ತೆಂಗಿನ ಮರ ಬೆಳೀಬೇಕಾಗಿದ್ದು ಇಲ್ಲಿ ಕಣ್ಲಾ ಅಂದೆ. ಇಲ್ಲಿ ಕೇಳ್ಕೊಬೇಕಾಗಿರೋದು ಇಷ್ಟು. ಕಪ್ಪಿನ ಕುದುರೆ ಎಫ್6ಕ್ಕೆ ಬಂದು ಎಚ್7 ಕಾಯ್ಬೋದಾ. ಕಪ್ಪಿನ ಒಂಟೆ ಎಫ್5ಗೆ ಬಂದು ಆ ಓರೆಗೆರೇಲಿ ಎಚ್7 ಹಿಡ್ಕೊಬೋದಾ. ಇ7ನಲ್ಲಿ ಒಂಟೆ ಇದ್ರೆ ಅದು ಜಿ5ರ ಕುದುರೇನ ತಿನ್ಬೋದಾ. ಆಮೇಲೆ ರಾಜ ಜಿ8ಗೆ ವಾಪಸ್ ಹೋಗ್ದೆ ಜಿ6ಕ್ಕೆ ಎದ್ದು ಬಂದ್ರೆ ನನ್ನ ನಡೆ ಯಾವ್ದು, ಸಾಮಾನ್ಯವಾಗಿ ಕ್ವೀನ್ ಜಿ4 ಇಲ್ಲ ಪಾನ್ ಎಚ್4, ಅದು ಇಲ್ಲಿ ಕೆಲ್ಸ ಮಾಡುತ್ತಾ. ನಾಲ್ಕು ಪ್ರಶ್ನೆ, 10 ಸೆಕೆಂಡ್ ಸಾಕು. ಅವನ ನಾಲ್ಕು ಆಟದಲ್ಲಿ ಮೂರರಲ್ಲಿ ಎಫ್5ಗೆ ಒಂಟೆ ಬಂದು ಕಥೆ ಮುಗಿದಿತ್ತು.

ಇನ್ನೊಂದು, ಕಾಯಿ ಮುಂದಿರೋವಾಗ್ಲೂ ನುಗ್ಗೋದು. ಒಂದು ಪೂರ್ತಿ ಆನೆ ಮುಂದಿದಾನೆ, ಕ್ವೀನ್ ಎಕ್ಸ್‌ಚೇಂಜ್ ಮಾಡಿದ್ರೆ ನಿದ್ದೇಲೂ ಗೆಲ್ತಾನೆ, ಮಾಡಲ್ಲ, ಯಾಕಂದ್ರೆ "ಬೋರು ಮಾವ". ಮೇಟ್ ಹುಡುಕ್ತಾ ಹುಡುಕ್ತಾ ತಾನೇ ಬ್ಯಾಕ್ ರ‍್ಯಾಂಕ್ ಮೇಟ್ (ಸ್ವಂತ ಪಾನ್‌ಗಳ ಹಿಂದೆ ಕೊನೇ ಸಾಲಲ್ಲೇ ರಾಜ ಸಿಕ್ಕಾಕೊಳೋದು) ತಿಂತಾನೆ. ಮುಂದಿದ್ರೆ ಕಾಯಿ ಬದಲಾಯಿಸ್ಕೊಳಿ ಪಾನ್ ಉಳಿಸ್ಕೊಳಿ, ಹಿಂದಿದ್ರೆ ಪಾನ್ ಬದಲಾಯಿಸ್ಕೊಳಿ ಕಾಯಿ ಉಳಿಸ್ಕೊಳಿ. ಹಳೇ ಮಾತು, 2100 ಇರೋರೂ ಮರೀತಾರೆ.

ಪ್ರೀಮೂವ್ ವಿಷ್ಯಕ್ಕೆ ಬರೋಣ, ಇದು ನಂಗೆ ಸ್ವಲ್ಪ ಹೊಟ್ಟೆಉರಿ ವಿಷ್ಯ, ಯಾಕಂದ್ರೆ ಇದ್ರಲ್ಲಿ ಹೋಗೋ ಆಟ ಬುದ್ಧಿ ಕಮ್ಮಿ ಆಗಿ ಹೋಗೋದಲ್ಲ. ಇವನು ಕಪ್ಪಲ್ಲಿ ಕಾರೋ ಕಾನ್ ಅನ್ನೋ ಓಪನಿಂಗ್ ಆಡ್ತಾನೆ. ಬಿಳಿ ಇ4, ಇವನು ಸಿ6, ಡಿ4 ಡಿ5, ಬಿಳಿ ಇ5 ತಳ್ಳಿದ, ಇವನು ಒಂಟೆ ಎಫ್5, ಮುಂದೆ ಹೇಗಿದ್ರೂ ಇ6 ತಾನೇ ಅಂತ ಇ6 ಪ್ರೀಮೂವ್ ಹಾಕಿ ಕಿಟಕಿ ಕಡೆ ನೋಡ್ತಾ ಕೂತ. ಎದುರಾಳಿ ಆಡಿದ್ದು ಎಚ್4. ಪ್ರೀಮೂವ್ ಹೋಗೇಬಿಡ್ತು, ಇ6. ಈಗ ಜಿ4, ಒಂಟೆ ಇ4ಗೆ ಹಾರ್ತು, ಎಫ್3, ಒಂಟೆ ಜಿ6ಕ್ಕೆ ವಾಪಸ್, ಎಚ್5, ಒಂಟೆಗೆ ಹೋಗೋಕೆ ಮನೆ ಇಲ್ಲ. ಏಳೇ ನಡೇಲಿ ಒಂದ್ ಕಾಯಿ ಉಡೀಸ್. ಎಚ್4 ಬಂದಾಗ ಎಚ್5 ಆಡ್ಬೇಕು, ಎಚ್6ನೂ ನಡೆಯುತ್ತೆ, ಇವನಿಗೆ ಅದು ಗೊತ್ತೇ ಇತ್ತು. ಗೊತ್ತಿದ್ದೂ ಒಂದೇ ತಿಂಗಳಲ್ಲಿ ಎರಡು ಸಲ ಇದೇ ಥರ ತಿಂದಿದಾನೆ. ಇದೇ ಜಾತಿ ಇನ್ನೊಂದು, ಜಿ6 ಆಡಿ ಒಂಟೆ ಜಿ7 ಪ್ರೀಮೂವ್ ಹಾಕೋರಿಗೆ ಬಿಳಿ ಸುಮ್ನೆ ಒಂಟೆ ಎಚ್6ಗೆ ಇಡ್ತಾನೆ, ನೀವು ಜಿ7ಗೆ ಹೋದ ಕೂಡ್ಲೇ ಆ ಒಂಟೆ ತಿಂದು ಮುಂದೆ ಎಚ್8 ಆನೇನೂ ತಿಂತಾನೆ.

ನಿಯಮ ಸಿಂಪಲ್. ಎದುರಾಳಿ ಏನೇ ಆಡಿದ್ರೂ ನನ್ನ ನಡೆ ಹಾಳಾಗಲ್ಲ ಅಂತ ಗ್ಯಾರಂಟಿ ಇದ್ರೆ, ಅಥವಾ ಅವನು ಹೊಡೆದ್ರೆ ನಾನು ವಾಪಸ್ ಹೊಡೆಯೋದು ಆಗಿದ್ರೆ ಮಾತ್ರ ಪ್ರೀಮೂವ್. ಹೊಡೆಯೋ ಪ್ರೀಮೂವ್ ಒಳ್ಳೇದು ಯಾಕಂದ್ರೆ ಅವನು ಹೊಡೀದಿದ್ರೆ ಅದು ತಾನಾಗೇ ಕ್ಯಾನ್ಸಲ್ ಆಗುತ್ತೆ, ನಿಮ್ಮ ಕಾಯಿ ನೀವೇ ಹೊಡೆಯೋಕಾಗಲ್ವಲ್ಲ. ಓಪನಿಂಗಲ್ಲಿ ಉಳಿಯೋದು ಒಂದ್ ಸೆಕೆಂಡು, ಹೋಗೋದು ಒಂದ್ ಕಾಯಿ. ಅಂದ ಹಾಗೆ ಲಿಚೆಸ್‌ನಲ್ಲಿ ಪ್ರೀಮೂವ್‌ಗೆ ಟೈಮೇ ಹೋಗಲ್ಲ ಆದ್ರೆ ಒಂದ್ಸಲಕ್ಕೆ ಒಂದೇ ಹಾಕ್ಬೋದು, ಚೆಸ್ ಡಾಟ್ ಕಾಮ್‌ನಲ್ಲಿ ಸಾಲಾಗಿ ಹಾಕ್ಬೋದು ಆದ್ರೆ ಒಂದೊಂದಕ್ಕೆ 0.1 ಸೆಕೆಂಡ್ ಕಟ್ ಆಗುತ್ತೆ, ಕೊನೇ 5 ಸೆಕೆಂಡಲ್ಲಿ ಇದು ಗೊತ್ತಿದ್ರೆ ಉಪಯೋಗ.

ನೋಟ್‌ಬುಕ್ಕಲ್ಲಿ ಪದೇ ಪದೇ ಬಂದ ಇನ್ನೊಂದು ಪದ ಕುದುರೆ. ದಾಳಿಕೋರರಿಗೆ ಮುಂದಕ್ಕೆ ಹೋಗೋ ಕುದುರೆ ಚೆನ್ನಾಗಿ ಕಾಣುತ್ತೆ, ಎದುರಾಳಿ ಕುದುರೆ ಹಿಂದಕ್ಕೆ ಹಾರಿ ಫೋರ್ಕ್ ಹಾಕೋದು (ಒಂದೇ ಸಲ ಎರಡು ಕಾಯಿ ಮೇಲೆ ಬೀಳೋದು) ಕಾಣಲ್ಲ. ಇದಕ್ಕೊಂದು ಮೈಸೂರು ಔಷಧಿ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆ ಒಂದೊಂದು ಮನೇನ ಒಂದೊಂದೇ ಸಲ ಮುಟ್ಟಿ 64 ಮನೇನೂ ಸುತ್ತೋ ಬಂಧಗಳನ್ನ ರಚಿಸೋರು, ರಾಜರಿಗೆ ಟೈಮಿತ್ತು ಅಂತ ನಗ್ಬೇಡಿ, ನೀವೊಂದ್ಸಲ ಕಾಗದದ ಮೇಲೆ 64 ಮನೆ ಗೆರೆ ಎಳ್ದು 1, 2, 3 ಅಂತ ಬರೀತಾ ಹೋಗಿ, ಮೂಲೇಲಿ ಸಿಕ್ಕಾಕೊಂಡಾಗ ಗೊತ್ತಾಗುತ್ತೆ. ಒಂದು ಟ್ರಿಕ್, ಮುಂದೆ ಹೋಗೋಕೆ ಕಮ್ಮಿ ದಾರಿ ಇರೋ ಮನೆಗೇ ಯಾವಾಗ್ಲೂ ಮೊದ್ಲು ಹೋಗಿ. ಒಂದ್ ವಾರ ದಿನಾ ಒಂದ್ಸಲ ಮಾಡಿದ್ರೆ ಬೋರ್ಡ್ ಮೇಲೆ ಕುದುರೆ ಎಲ್ಲೆಲ್ಲಿ ಹಾರುತ್ತೆ ಅಂತ ಎಣಿಸೋದೇ ಬೇಡ, ತಾನಾಗೇ ಕಾಣುತ್ತೆ. ಇವನು ಮೊದ್ಲು ನಕ್ಕ, ಈಗ ಕಾಲೇಜ್ ನೋಟ್ಸ್ ಹಿಂದಿನ ಪೇಜೆಲ್ಲಾ ಕುದುರೇನೇ.

ಎಂಡ್‌ಗೇಮ್. ಇಲ್ಲಿ ಉದ್ದ ಬರೆಯಲ್ಲ, ಬ್ಲಿಟ್ಜಿಗೆ ಬೇಕಾಗಿರೋದು ಕಮ್ಮಿ ಆದ್ರೆ ಅಷ್ಟು ಕೈಯಲ್ಲೇ ಇರ್ಬೇಕು, ತಲೇಲಿ ಅಲ್ಲ. ರಾಜ ಮತ್ತು ಒಂದು ಪಾನ್ ಆಟ ಒಂದು. ನಿಮ್ಮ ರಾಜ ಇ5, ಪಾನ್ ಇ3, ಅವನ ರಾಜ ಇ7, ನಿಮ್ಮ ನಡೆ. ಪಾನ್ ಇ4 ಅಂದ್ರೆ ಗೆಲುವು, ಯಾಕಂದ್ರೆ ಈಗ ಎದುರಾಳಿ ರಾಜ ದಾರಿ ಬಿಡ್ಲೇಬೇಕು. ಅದೇ ಪಾನ್‌ನ ಆತುರದಲ್ಲಿ ಮೊದ್ಲೇ ಇ4ಗೆ ತಂದು ಕೂರಿಸಿದ್ರೆ, ಅದೇ ಜಾಗದಲ್ಲಿ ನಿಮ್ಮ ನಡೆ ಬಂದ್ರೆ, ಡ್ರಾ. ಪಾನ್ ಒಂದ್ ಮನೆ ಹಿಂದೆ ಇರೋದೇ ಲಾಭ, ಬ್ಯಾಂಕಲ್ಲಿಟ್ಟ ದುಡ್ಡಿನ ಥರ. ನಿಮ್ಮ ರಾಜ ಪಾನ್ ಮುಂದೆ ಆರನೇ ಸಾಲಿಗೆ ಹೋಗಿಬಿಟ್ರೆ ನಡೆ ಯಾರದ್ದಾದ್ರೂ ಗೆಲುವು, ಎ ಮತ್ತು ಎಚ್ ಪಾನ್ ಬಿಟ್ಟು. ಆಮೇಲೆ ಆನೆ ಎಂಡ್‌ಗೇಮಲ್ಲಿ ಲುಸೆನಾ (ಪಾನ್ ಇರೋನು ಗೆಲ್ಲೋ ಪೊಸಿಷನ್) ಒಂದು, ಫಿಲಿಡೋರ್ (ಪಾನ್ ಇಲ್ದೋನು ಡ್ರಾ ಮಾಡ್ಕೊಳೋ ಪೊಸಿಷನ್) ಒಂದು, ಎರಡನ್ನೂ ಫ್ರೆಂಡ್ ಜೊತೆ 30 ಸೆಕೆಂಡ್ ಗಡಿಯಾರ ಇಟ್ಟು ಹತ್ತತ್ತು ಸಲ ಆಡಿ. ಇನ್ನು ಟೈಮ್ ಮುಗೀತಿದೆ, ಗೆಲ್ಲೋಕಾಗಲ್ಲ ಅನ್ಸಿದ್ರೆ ಎದುರಾಳಿಯ ಕೊನೇ ಪಾನ್ ಹೇಗಾದ್ರೂ ಹೊಡೆದ್ಹಾಕಿ, ಅವನ ಹತ್ರ ಬರೀ ರಾಜ ಉಳಿದ್ರೆ ನಿಮ್ಮ ಫ್ಲ್ಯಾಗ್ ಬಿದ್ರೂ, ಅಂದ್ರೆ ಟೈಮ್ ಮುಗಿದ್ರೂ, ಆಟ ಡ್ರಾನೇ.

ಇದೆಲ್ಲ ಕಲಿಯೋಕೆ ಒಂದೆರಡು ತಿಂಗಳು 3+0 ಕಮ್ಮಿ ಮಾಡಿ 3+2 ಆಡಿ ಅನ್ನೋದು ನನ್ ಸಲಹೆ. ನಡೆಗೆ 2 ಸೆಕೆಂಡ್ ಸೇರುತ್ತೆ, 40 ನಡೆಗೆ 80 ಸೆಕೆಂಡ್ ಜಾಸ್ತಿ, ಎಂಡ್‌ಗೇಮ್ ನಿಜವಾಗ್ಲೂ ಆಡ್ಬೇಕಾಗುತ್ತೆ, ಬರೀ ಮೌಸ್ ಓಡಿಸಿ ಗೆಲ್ಲೋಕಾಗಲ್ಲ. ವರ್ಲ್ಡ್ ಬ್ಲಿಟ್ಜ್ ಚಾಂಪಿಯನ್‌ಶಿಪ್ಪೂ 3+2ನೇ. ವಾರಕ್ಕೆರಡು 15+10 ಆಟನೂ ಇರ್ಲಿ, ಬ್ಲಿಟ್ಜಲ್ಲಿ ಹೊಸದೇನೂ ಕಲಿಯಲ್ಲ, ಕಲಿತಿದ್ದನ್ನ ಖರ್ಚು ಮಾಡ್ತೀವಿ. ಪಜಲ್ ಸ್ಟಾರ್ಮ್ (ಗಡಿಯಾರ ಇಟ್ಟು ಬೇಗ ಬೇಗ ಪಜಲ್ ಬಿಡಿಸೋದು) ಥರದ್ದು ಕಣ್ಣಿಗೆ ಒಳ್ಳೇದು, ಆದ್ರೆ ದಿನಕ್ಕೆ ಐದಾದ್ರೂ ಪಜಲ್‌ನ ಕೊನೇವರೆಗೂ ಲೆಕ್ಕ ಹಾಕಿ ಆಮೇಲೇ ಕೈ ಇಡಿ. ಬೋರ್ಡ್ ಮೇಲೆ ಆಡೋ ಟೂರ್ನಮೆಂಟ್ ಹತ್ರದಲ್ಲಿ ನಡೆದ್ರೆ ಹೋಗಿ, ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ 2017ರಲ್ಲಿ ಬಂದಿದ್ದು ಮೈಸೂರಿಂದಾನೇ, ಸೋ ನಮ್ಮೂರಲ್ಲಿ ಏನೂ ಇಲ್ಲ ಅನ್ನೋಂಗಿಲ್ಲ.

ಮತ್ತೆ ಎರಡು ಸೋತ್ರೆ ಆಪ್ ಕ್ಲೋಸ್. ಇವನ 90 ಪಾಯಿಂಟ್ ಹೋದ ರಾತ್ರಿಗಳೆಲ್ಲ ರಾತ್ರಿ ಹನ್ನೊಂದರ ಮೇಲಿಂದೇ, ಸೋತ ಕೋಪಕ್ಕೆ ರೀಮ್ಯಾಚ್ ಒತ್ತಿ ಒತ್ತಿ ಹೋಗಿರೋದು. ಟ್ರೇನಲ್ಲಂತೂ ರೇಟೆಡ್ ಆಡ್ಲೇಬೇಡಿ, ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಹೊಳೆ ಹತ್ರ ಬರೋವಾಗ ನೆಟ್‌ವರ್ಕ್ ಹೋಗುತ್ತೆ, ಗಡಿಯಾರ ನಿಲ್ಲಲ್ಲ. ಅಲ್ಲಿ ಸೋತಿದ್ದೇ ಮೂರು ಆಟ ಸಿಕ್ತು ನಮಗೆ, ಕಾರಣದ ಜಾಗದಲ್ಲಿ ಅವನು ಬರೆದಿದ್ದು "ಕಾವೇರಿ" ಅಂತ.

ಮುಂದಿನ ಭಾನುವಾರ ಮತ್ತೆ ಬಂದ. ನನ್ನೆದುರೇ ಒಂದು 3+2 ಆಡ್ದ, ಕಾರೋ ಕಾನು, ಎದುರಾಳಿ ಎಚ್4 ತಳ್ಳಿದ, ಇವನು ಕೈ ಎತ್ತಿ ಮೂರು ಸೆಕೆಂಡ್ ನಿಂತು ಎಚ್5 ಆಡಿ ನನ್ ಕಡೆ ನೋಡಿ ಹಲ್ಲು ಬಿಟ್ಟ. ಕೊನೆಗೆ ಆನೆ ಎಂಡ್‌ಗೇಮಲ್ಲಿ ಸೋತ. ಮೂವ್ ಟೈಮ್ಸ್ ತೆಗೆದೆ, 17ನೇ ನಡೇಲಿ ಮತ್ತೆ ತೆಂಗಿನ ಮರ, 38 ಸೆಕೆಂಡು. "ಏನ್ಲಾ ಇದು" ಅಂದೆ. "ಬುಡು ಮಾವ, ಆಮೇಲ್ ಬರ್ಕೊಳನ, ಇನ್ನೊಂದ್ ಆಟ ಅಷ್ಟೇ" ಅಂತ ರೀಮ್ಯಾಚ್ ಮೇಲೆ ಬೆರಳಿಟ್ಟಿದ್ದ. ಫೋನ್ ಕಿತ್ಕೊಂಡು ನೋಟ್‌ಬುಕ್ ಕೊಟ್ಟೆ.